ಎರಡು ಡೆಂಟಲ್ ಸ್ಕೂಲಿಂದ ಸೀಟ್ ಬಂತು, ಈಗ ಯಾವುದಕ್ಕೆ ಹೋಗೋದು?

ಬಿಡಿಎಸ್ ಮುಗಿಸಿ, ಐಎನ್‌ಬಿಡಿಇ (ಅಮೆರಿಕದ ಡೆಂಟಲ್ ಬೋರ್ಡ್ ಎಕ್ಸಾಮ್) ಪಾಸ್ ಮಾಡಿ, ಟೋಫೆಲ್ ಬರ್ದು, ಕಾಪಿಡ್‌ನಲ್ಲಿ (ಹೊರದೇಶದ ಡೆಂಟಿಸ್ಟ್‌ಗಳು ಅಪ್ಲೈ ಮಾಡೋ ವೆಬ್‌ಸೈಟು) ಒಂದೊಂದು ಸ್ಕೂಲಿಗೂ ದುಡ್ಡು ಸುರಿದು, ಬೆಂಚ್ ಟೆಸ್ಟ್‌ಗೆ ಅಂತ ಪ್ಲಾಸ್ಟಿಕ್ ಹಲ್ಲು ಕೊರೆದು ಕೊರೆದು ಮನೆಯೆಲ್ಲಾ ಪುಡಿ ಮಾಡಿ, ಕೊನೆಗೆ ಅಮೆರಿಕದ ಎರಡು ಸ್ಕೂಲಿಂದ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ (ಹೊರದೇಶದ ಡೆಂಟಿಸ್ಟ್‌ಗಳು ಎರಡು-ಮೂರು ವರ್ಷದಲ್ಲಿ ಇಲ್ಲಿನ ಡಿಗ್ರಿ ತಗೊಳ್ಳೋ ಕೋರ್ಸು) ಸೀಟ್ ಬಂದ್ರೆ ಒಂದು ದಿನ ಖುಷಿ ಇರತ್ತೆ, ಮಾರನೇ ದಿನದಿಂದ ತಲೆನೋವು ಶುರು. "ಅಕ್ಕಾ, ಎರಡೂ ಕಡೆ ಬಂದಿದೆ, ಏನ್ ಮಾಡ್ಲಿ" ಅಂತ ವರ್ಷಾ ವರ್ಷಾ ಫೋನ್ ಬರತ್ತೆ ನಂಗೆ. ಪ್ರತಿಸಲ ಅದೇ ಹೇಳಿ ಹೇಳಿ ಗಂಟಲು ಒಣಗಿದೆ, ಅದಕ್ಕೆ ಒಂದ್ಸಲ ಬರ್ದು ಹಾಕ್ತಿದೀನಿ.

ಮೊದಲು ಹೆಸರಿನ ಹುಚ್ಚು ಬಿಡಿ. ಕೋಡಾ (ಇಲ್ಲಿನ ಡೆಂಟಲ್ ಸ್ಕೂಲುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಅಕ್ರೆಡಿಟೇಷನ್ ಇರೋ ಯಾವ ಸ್ಕೂಲಿಂದ ಬಂದ್ರೂ ಲೈಸೆನ್ಸ್ ವಿಷಯಕ್ಕೆ ಡಿಗ್ರಿ ಒಂದೇ ತೂಕ. ಡಿಡಿಎಸ್ ದೊಡ್ಡದಾ ಡಿಎಮ್‌ಡಿ ದೊಡ್ಡದಾ ಅಂತ ಇನ್ನೂ ಕೇಳೋರಿದಾರೆ, ಎರಡೂ ಒಂದೇ, 1840ರಲ್ಲಿ ಶುರುವಾದ ಬಾಲ್ಟಿಮೋರ್ ಕಾಲೇಜು ಡಿಡಿಎಸ್ ಕೊಡ್ತಾ ಇತ್ತು, 1867ರಲ್ಲಿ ಹಾರ್ವರ್ಡ್‌ನೋರು ಲ್ಯಾಟಿನ್ ಹೆಸರು ಬೇಕು ಅಂತ ಡಿಎಮ್‌ಡಿ ಅಂದ್ರು, ಅಷ್ಟೇ ಕಥೆ. ಇನ್ನು ಕ್ಯೂಎಸ್ ರ‍್ಯಾಂಕಿಂಗ್ ಹಿಡ್ಕೊಂಡು ಕೂರ್ಬೇಡಿ, ಅದ್ರಲ್ಲಿ ರಿಸರ್ಚ್ ಪೇಪರು, ಯೂನಿವರ್ಸಿಟಿ ಬಗ್ಗೆ ಜನರ ಅಭಿಪ್ರಾಯ ಇಂಥದ್ದಕ್ಕೆಲ್ಲ ಮಾರ್ಕ್ಸು, ನೀವು ಅಲ್ಲಿ ಎಷ್ಟು ರೂಟ್ ಕೆನಾಲ್ ಮಾಡ್ತೀರಿ ಅನ್ನೋದು ಅದ್ರಲ್ಲಿ ಎಲ್ಲೂ ಇಲ್ಲ. ಕೋಡಾ ವೆಬ್‌ಸೈಟಲ್ಲಿ ಎರಡೂ ಸ್ಕೂಲಿನ ಸ್ಟೇಟಸ್ ಮಾತ್ರ ಒಂದ್ಸಲ ನೋಡ್ಬಿಡಿ. "ವಿತೌಟ್ ರಿಪೋರ್ಟಿಂಗ್ ರಿಕ್ವೈರ್‌ಮೆಂಟ್ಸ್" ಅಂತಿದ್ರೆ ಆರಾಮ. "ವಿತ್" ಅಂತಿದ್ರೆ ಏನೋ ಕೊರತೆ ಹೇಳಿದಾರೆ ಅಂತ ಅರ್ಥ, ಓಡಿಹೋಗೋ ಅಗತ್ಯ ಇಲ್ಲ, ಏನದು ಅಂತ ಕೇಳಿ.

ಆಮೇಲೆ ಗಡಿಯಾರ. ಇಲ್ಲಿನ ನಾಲ್ಕು ವರ್ಷದ ಕೋರ್ಸಿಗೆ ಅಪ್ಲೈ ಮಾಡೋ ಮಕ್ಕಳಿಗೆ ಡಿಸೆಂಬರ್‌ನಲ್ಲಿ ಎಲ್ಲರಿಗೂ ಒಂದೇ ದಿನ ಆಫರ್ ಶುರುವಾಗತ್ತೆ, ನಮ್ಮಂಥ ಹೊರಗಿಂದ ಬಂದೋರಿಗೆ ಆ ಭಾಗ್ಯ ಇಲ್ಲ, ಸ್ಕೂಲಿಂದ ಸ್ಕೂಲಿಗೆ ಡೇಟ್ ಬೇರೆ, ಕ್ಲಾಸ್ ಶುರುವಾಗೋ ತಿಂಗಳೂ ಬೇರೆ. ಹಾಗಾಗಿ ಒಬ್ರು "ಇಷ್ಟು ದಿನದೊಳಗೆ ಡೆಪಾಸಿಟ್ ಕಟ್ಟು" ಅಂತಾರೆ, ಇನ್ನೊಬ್ರ ಲೆಟರ್ ಇನ್ನೂ ಬಂದೇ ಇರಲ್ಲ. ಆ ಡೆಪಾಸಿಟ್ ಸಾವಿರಗಟ್ಟಲೆ ಡಾಲರ್, ಸಾಮಾನ್ಯವಾಗಿ ವಾಪಸ್ ಬರಲ್ಲ. ಒಂದು ವಾರ ಟೈಮ್ ಕೊಡ್ತೀರಾ ಅಂತ ಅಡ್ಮಿಷನ್ ಆಫೀಸಿಗೆ ಮೇಲ್ ಹಾಕೋಕೆ ನಾಚಿಕೆ ಪಡ್ಬೇಡಿ, ಹೆಚ್ಚೆಂದ್ರೆ ಆಗಲ್ಲ ಅಂತಾರೆ, ಕೇಳಿದ್ದಕ್ಕೆ ಸೀಟ್ ಕಿತ್ಕೊಂಡಿದ್ದು ನಾನಂತೂ ನೋಡಿಲ್ಲ. ಮೊದಲ ಸ್ಕೂಲಿಗೆ ಕಟ್ಟಿ ಆಮೇಲೆ ಎರಡನೇದು ನಿಜವಾಗ್ಲೂ ಚೆನ್ನಾಗಿದೆ ಅನ್ಸಿದ್ರೆ, ಕಟ್ಟಿದ್ದು ಹೋಯ್ತು ಅಂದ್ಕೊಳ್ಳಿ. ಎರಡು ಸಾವಿರ ಉಳಿಸೋಕೆ ಹೋಗಿ ಐವತ್ತು ಸಾವಿರ ಜಾಸ್ತಿ ಕಟ್ಟಿದೋರು ಇದಾರೆ.

ದುಡ್ಡಿನ ಲೆಕ್ಕ ಹೇಗೆ ಹಾಕೋದು ಅಂತ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಇಲ್ಲೇ ಎಡವೋದು. ವರ್ಷದ ಫೀ ನೋಡಿ ಇದು ಅಗ್ಗ ಅದು ತುಟ್ಟಿ ಅಂತೀರಿ. ಆದ್ರೆ ಸ್ಯಾನ್ ಫ್ರಾನ್ಸಿಸ್ಕೋದ ಪೆಸಿಫಿಕ್ ಸ್ಕೂಲಿಂದು ಎರಡು ವರ್ಷದ ಪ್ರೋಗ್ರಾಮ್, ಎನ್‌ವೈಯುದ್ದು (ನ್ಯೂಯಾರ್ಕ್ ಯೂನಿವರ್ಸಿಟಿ) ಮೂರು ವರ್ಷ, ಹೀಗೆ ಸ್ಕೂಲಿಂದ ಸ್ಕೂಲಿಗೆ ಉದ್ದ ಬೇರೆ. ಉದಾಹರಣೆಗೆ ಒಂದು ಸ್ಕೂಲು ವರ್ಷಕ್ಕೆ 1 ಲಕ್ಷ ಡಾಲರ್, ಎರಡು ವರ್ಷ ಅಂದ್ಕೊಳ್ಳಿ, ಮನೆ ಬಾಡಿಗೆ ಊಟ ಇನ್ಶೂರೆನ್ಸ್ ಎಲ್ಲ ಸೇರಿ ವರ್ಷಕ್ಕೆ 30 ಸಾವಿರ, ಒಟ್ಟು 2.6 ಲಕ್ಷ. ಇನ್ನೊಂದು ವರ್ಷಕ್ಕೆ 75 ಸಾವಿರ, ಆದ್ರೆ ಮೂರು ವರ್ಷ, ಅದೇ ಖರ್ಚು ಸೇರಿಸಿದ್ರೆ 3.15 ಲಕ್ಷ. "ಅಗ್ಗದ" ಸ್ಕೂಲು 55 ಸಾವಿರ ತುಟ್ಟಿ ಆಯ್ತಾ, ಅದ್ರ ಮೇಲೆ ಮೂರನೇ ವರ್ಷ ನೀವು ದುಡಿಯೋ ಬದ್ಲು ಕ್ಲಾಸಲ್ಲಿ ಕೂತಿರ್ತೀರಿ, ಆ ಸಂಬಳನೂ ಹೋಯ್ತು. ಫೀ ಪಟ್ಟಿಯಲ್ಲಿ ಕೆಳಗೆ ಸಣ್ಣಕ್ಷರದಲ್ಲಿ ಇನ್ಸ್ಟ್ರುಮೆಂಟ್ ಕಿಟ್ ಅಂತ ಒಂದು ಸಾಲಿರತ್ತೆ ನೋಡಿ, ಅದನ್ನ ಮರೀಬೇಡಿ, ಲೂಪ್ಸ್ (ಹಲ್ಲು ದೊಡ್ಡದಾಗಿ ಕಾಣೋ ಕನ್ನಡಕ) ಬೇರೆ ತಗೋಬೇಕು. ಇನ್-ಸ್ಟೇಟ್ ಫೀ (ಆ ರಾಜ್ಯದಲ್ಲೇ ಇರೋರಿಗೆ ಕಮ್ಮಿ ಫೀ) ಸಿಗತ್ತಾ ಅಂತ ಕೇಳಿ, ಆದ್ರೆ ಇಂಟರ್‌ನ್ಯಾಷನಲ್ ಬ್ಯಾಚಿಗೆ ಎಲ್ಲರಿಗೂ ಒಂದೇ ಫೀ ಅಂತ ಇಟ್ಟಿರೋ ಸ್ಕೂಲುಗಳೂ ಇವೆ.

ಲೋನ್ ಬೇರೆ ವಿಷಯ. ಎಫ್-1 ಸ್ಟೂಡೆಂಟ್ ವೀಸಾದಲ್ಲಿ ಇರೋರಿಗೆ ಫೆಡರಲ್ ಲೋನ್ (ಅಮೆರಿಕ ಸರ್ಕಾರದ ಸಾಲ) ಇಲ್ಲವೇ ಇಲ್ಲ, ಪ್ರೈವೇಟ್ ಲೋನ್‌ಗೆ ಸಾಮಾನ್ಯವಾಗಿ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರೋ ಕೋ-ಸೈನರ್ (ಸಾಲಕ್ಕೆ ಜಾಮೀನು ನಿಲ್ಲೋರು) ಬೇಕು, ಅಂದ್ರೆ ದೊಡ್ಡಪ್ಪನ ಮಗನ ಮುಂದೆ ಕೈಕಟ್ಟಿ ನಿಲ್ಬೇಕು. ಗ್ರೀನ್ ಕಾರ್ಡ್ ಇರೋರಿಗೆ ಫೆಡರಲ್ ಸಿಗತ್ತೆ ಅಂತ ನೆಮ್ಮದಿಯಾಗಿದ್ರಿ, ಆದ್ರೆ 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳ್ಳೋರಿಗೆ ಗ್ರ್ಯಾಡ್ ಪ್ಲಸ್ (ಪೂರ್ತಿ ಖರ್ಚಿಗೂ ಸಿಗ್ತಿದ್ದ ಫೆಡರಲ್ ಲೋನ್) ನಿಂತುಹೋಗಿದೆ, ಡೆಂಟಿಸ್ಟ್ರಿ ಥರದ ಪ್ರೊಫೆಷನಲ್ ಕೋರ್ಸಿಗೆ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್‌ಗೆ ಮಿತಿ. ವರ್ಷಕ್ಕೆ ಲಕ್ಷ ಫೀ ಇರೋ ಕಡೆ ಅರ್ಧಕ್ಕೂ ಪ್ರೈವೇಟ್ ಬ್ಯಾಂಕೇ ಗತಿ. 3 ಲಕ್ಷ ಸಾಲಕ್ಕೆ 9 ಪರ್ಸೆಂಟ್ ಬಡ್ಡಿ, ಹತ್ತು ವರ್ಷ ಅಂದ್ರೆ ತಿಂಗಳಿಗೆ ಹತ್ತಿರ ಹತ್ತಿರ 3,800 ಡಾಲರ್ ಕಂತು. ಈ ನಂಬರನ್ನ ಒಂದು ಚೀಟಿಯಲ್ಲಿ ಬರ್ದು ಫ್ರಿಜ್ ಮೇಲೆ ಅಂಟಿಸಿ ಎರಡು ದಿನ ನೋಡ್ತಾ ಇರಿ, ಆಮೇಲೆ ಕ್ಯಾಂಪಸ್ ಫೋಟೋ ನೋಡಿ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ವಿಷಯ, ಮತ್ತೆ ಯಾರೂ ಕೇಳದೇ ಇರೋ ವಿಷಯ. ನಿಮ್ಮ ಚೇರಲ್ಲಿ ಪೇಷಂಟ್ ಕೂರ್ತಾರಾ?

ಸ್ಕೂಲ್ ಕ್ಲಿನಿಕ್ಕಲ್ಲಿ ಒಂದು ಬೆಳಗಿನ ಸೆಷನ್ ಹೇಗಿರತ್ತೆ ಅಂತ ಹೇಳ್ತೀನಿ. ಮೂರು ಗಂಟೆ ನಿಮ್ಮದು. ಪೇಷಂಟ್ ಇಪ್ಪತ್ತು ನಿಮಿಷ ಲೇಟು, ಪಾರ್ಕಿಂಗ್ ಸಿಗ್ಲಿಲ್ಲ ಅಂತ. ಬಿಪಿ ನೋಡಿ, ಆಕ್ಸಿಯಮ್ (ಪೇಷಂಟ್ ರೆಕಾರ್ಡ್ ಸಾಫ್ಟ್‌ವೇರ್) ತೆಗೆದು ಮೆಡಿಕಲ್ ಹಿಸ್ಟರಿ ಅಪ್‌ಡೇಟ್ ಮಾಡಿ, ಸ್ಟಾರ್ಟ್ ಚೆಕ್‌ಗೆ ಫ್ಯಾಕಲ್ಟಿ ಹೆಸರು ಬರ್ದು ಕಾಯ್ತೀರಿ, ಅವ್ರು ನಾಲ್ಕು ಚೇರ್ ಆಚೆ ಯಾರದೋ ಮಾರ್ಜಿನ್ ನೋಡ್ತಾ ಇರ್ತಾರೆ. ಅವ್ರು ಬಂದು ಓಕೆ ಅಂದ್ಮೇಲೆ ಇಂಜೆಕ್ಷನ್, ರಬ್ಬರ್ ಡ್ಯಾಮ್, ಕೇರೀಸ್ ತೆಗೆದು ಮತ್ತೆ ಕೈ ಎತ್ತಿ ಕಾಯೋದು, ಪ್ರೆಪ್ ಚೆಕ್, ಫಿಲ್ಲಿಂಗ್, ಫೈನಲ್ ಚೆಕ್, ನೋಟ್ಸ್, ಅದಕ್ಕೆ ಫ್ಯಾಕಲ್ಟಿ ಸ್ವೈಪ್ ಮಾಡಿ ಒಪ್ಪಿಗೆ. ಒಂದು ಕ್ಲಾಸ್ ಟೂ ಕಂಪೋಸಿಟ್‌ಗೆ (ಹಿಂದಿನ ಹಲ್ಲಿನ ಸಂದಿಯ ಫಿಲ್ಲಿಂಗ್) ಮೂರು ಗಂಟೆ ಸಾಲಲ್ಲ ನಂಬ್ತೀರಾ! ಊರಲ್ಲಿ ಕ್ಲಿನಿಕ್ಕಲ್ಲಿ ಅಷ್ಟರೊಳಗೆ ಆರು ಪೇಷಂಟ್ ಮುಗಿಸಿದೋರು ನಾವು. ಇದ್ರಲ್ಲಿ ಪೇಷಂಟ್ ಬರದೇ ಇದ್ರೆ ಇಡೀ ಸೆಷನ್ ಗೋವಿಂದ.

ಅದಕ್ಕೇ ಕೇಳ್ಬೇಕಾಗಿರೋದು: ಪೇಷಂಟನ್ನ ಸ್ಕೂಲೇ ಹಂಚತ್ತಾ, ಅದಕ್ಕೆ ಅಂತ ಕೋಆರ್ಡಿನೇಟರ್ ಇದಾರಾ, ಇಲ್ಲಾ ನೀವೇ ಹುಡುಕ್ಬೇಕಾ. ವಾರಕ್ಕೆ ಎಷ್ಟು ಸೆಷನ್ ಚೇರ್ ಗ್ಯಾರಂಟಿ. ಒಬ್ಬ ಫ್ಯಾಕಲ್ಟಿಗೆ ಎಷ್ಟು ಜನ ಸ್ಟೂಡೆಂಟ್ಸು. ಕ್ರೌನ್ ಇಷ್ಟು, ಡೆಂಚರ್ ಇಷ್ಟು ಅಂತ ಲೆಕ್ಕ ಮುಗಿಸ್ಬೇಕಾ ಅಥವಾ ಕಾಂಪಿಟೆನ್ಸಿ ಎಕ್ಸಾಮ್ ಪಾಸಾದ್ರೆ ಸಾಕಾ. ನಾನು ಓದಿದ ಕಡೆ ಕೊನೇ ಸೆಮಿಸ್ಟರ್‌ನಲ್ಲಿ ನಂಗೆ ಒಂದು ಪಾರ್ಷಿಯಲ್ ಡೆಂಚರ್ ಬಾಕಿ, ಮೆಟಲ್ ಫ್ರೇಮ್ ಟ್ರಯಲ್ ತನಕ ಬಂದ ಅಜ್ಜ ಆಮೇಲೆ ಫೋನೇ ಎತ್ಲಿಲ್ಲ. ಎರಡು ವಾರ ಆದ್ಮೇಲೆ ಎತ್ತಿದ್ರು, ಮಗಳ ಮನೆಗೆ ಬೇರೆ ಊರಿಗೆ ಹೋಗಿದೀನಿ ಅಂದ್ರು. ಮತ್ತೆ ಹೊಸ ಪೇಷಂಟು, ಮತ್ತೆ ಮೊದಲಿಂದ ಇಂಪ್ರೆಷನ್ನು. ಆ ಪೇಷಂಟ್ ಫೀ ಕಟ್ಟೋಕೆ ಹಿಂದೆಮುಂದೆ ನೋಡಿದಾಗ ಒಂದು ಭಾಗ ನಾನೇ ಕೈಯಿಂದ ಹಾಕಿದೆ, ಹಾಗೆ ಮಾಡಿದ್ದು ನಮ್ಮ ಬ್ಯಾಚಲ್ಲಿ ನಾನೊಬ್ಳೇ ಅಲ್ಲ. ಪೇಷಂಟ್ ಹಂಚೋ ಸ್ಕೂಲಿಗೆ ಹೋದ ಫ್ರೆಂಡ್ ಅದೇ ಟೈಮಲ್ಲಿ ಇಂಪ್ಲಾಂಟ್ ರೆಸ್ಟೋರೇಷನ್ ಮಾಡ್ತಾ ಫೋಟೋ ಕಳಿಸ್ತಿದ್ಳು, ಹೊಟ್ಟೆ ಉರೀತು.

ಈ ಪ್ರಶ್ನೆಗಳನ್ನ ಅಡ್ಮಿಷನ್ ಆಫೀಸಿಗೆ ಕೇಳಿದ್ರೆ "ನಮ್ಮಲ್ಲಿ ಪೇಷಂಟ್ಸ್ ಬೇಕಾದಷ್ಟು" ಅಂತಾನೇ ಹೇಳೋದು. ಈಗ ಎರಡನೇ ವರ್ಷದಲ್ಲಿರೋ ಇಂಟರ್‌ನ್ಯಾಷನಲ್ ಸ್ಟೂಡೆಂಟ್‌ನ ಹಿಡೀರಿ, ಹೋದ ವರ್ಷ ಪಾಸಾಗಿರೋರು ಸಿಕ್ಕಿದ್ರೆ ಇನ್ನೂ ವಾಸಿ, ಅವ್ರಿಗೆ ಯಾರ ಹೆದ್ರಿಕೆನೂ ಇಲ್ಲ. "ಸ್ಕೂಲ್ ಹೇಗಿದೆ" ಅಂತ ಕೇಳ್ಬೇಡಿ, "ಚೆನ್ನಾಗಿದೆ" ಅಂತಾರೆ, ಮುಗೀತು. "ಹೋದ ವಾರ ಎಷ್ಟು ಸೆಷನ್ ಇತ್ತು, ಅದ್ರಲ್ಲಿ ಎಷ್ಟು ಪೇಷಂಟ್ ಬಂದ್ರು" ಅಂತ ಕೇಳಿ. "ನಿಮ್ಮ ಬ್ಯಾಚಲ್ಲಿ ಟೈಮಿಗೆ ಸರಿಯಾಗಿ ಮುಗಿಸದೇ ಉಳ್ಕೊಂಡೋರು ಎಷ್ಟು ಜನ" ಅಂತ ಕೇಳಿ. ಒಂದು ಸ್ಕೂಲಿಗೆ ಕನಿಷ್ಠ ಮೂರು ಜನನ್ನ ಮಾತಾಡ್ಸಿ, ಒಬ್ರು ಬೈತಾರೆ ಒಬ್ರು ಹೊಗಳ್ತಾರೆ, ಮೂರನೇಯವ್ರು ನಿಜ ಹೇಳ್ತಾರೆ. ಹಾಗೇ, ನಮ್ಮ ಬ್ಯಾಚನ್ನ ಇಲ್ಲಿನ ಮಕ್ಕಳ ಜೊತೆ ಸೇರಿಸ್ತಾರಾ ಬೇರೆ ಇಡ್ತಾರಾ ಅಂತನೂ ವಿಚಾರಿಸಿ, ಬೇರೆ ಇಟ್ಟ ಕಡೆ ಕೆಲವೊಮ್ಮೆ ಚೇರ್ ಹಂಚೋವಾಗ ನಾವು ಕೊನೆ.

ಮುಗಿಸಿದ್ಮೇಲೆ ಎಲ್ಲಿರ್ತೀರಿ ಅನ್ನೋದನ್ನ ಈಗ್ಲೇ ಯೋಚ್ನೆ ಮಾಡಿ. ಲೈಸೆನ್ಸಿಗೆ ಬೇಕಾದ ಅಡೆಕ್ಸ್ ಕ್ಲಿನಿಕಲ್ ಎಕ್ಸಾಮನ್ನ ಬಹುತೇಕ ರಾಜ್ಯಗಳು ಒಪ್ತಾವೆ, ಸ್ಕೂಲಲ್ಲೇ ಅದು ನಡೆಯತ್ತಾ ಅಂತ ಕೇಳ್ಕೊಳ್ಳಿ, ನಡೆದ್ರೆ ಬೇರೆ ಊರಿಗೆ ಓಡಾಡೋ ಖರ್ಚು ಉಳಿಯತ್ತೆ. ನ್ಯೂಯಾರ್ಕ್‌ನಲ್ಲಿ ಲೈಸೆನ್ಸ್ ಬೇಕಂದ್ರೆ ಒಂದು ವರ್ಷದ ರೆಸಿಡೆನ್ಸಿ ಕಡ್ಡಾಯ, ಅಲ್ಲೇ ಓದಿದ್ರೂ ಅಷ್ಟೇ, ಅದನ್ನೂ ಲೆಕ್ಕಕ್ಕೆ ಸೇರಿಸಿ, ಆದ್ರೆ ಜಿಪಿಆರ್ ಅನ್ನೋ ಆಸ್ಪತ್ರೆ ರೆಸಿಡೆನ್ಸಿಯಲ್ಲಿ ಸ್ಟೈಪೆಂಡ್ ಕೊಡ್ತಾರೆ. ಎಫ್-1ನೋರಿಗೆ ಡೆಂಟಿಸ್ಟ್ರಿ ಸ್ಟೆಮ್ ಪಟ್ಟಿಯಲ್ಲಿ (ಓದಿದ್ಮೇಲೆ ಕೆಲಸಕ್ಕೆ ಜಾಸ್ತಿ ಟೈಮ್ ಸಿಗೋ ಕೋರ್ಸುಗಳು) ಇಲ್ಲ, ಒಪಿಟಿ (ಓದಿದ್ಮೇಲೆ ಕೆಲಸ ಮಾಡೋ ಅನುಮತಿ) ಬರೀ 12 ತಿಂಗಳು, ಅಷ್ಟರೊಳಗೆ ಎಚ್-1ಬಿ ವರ್ಕ್ ವೀಸಾ ಮಾಡಿಸೋ ಕೆಲಸ ಸಿಗ್ಬೇಕು, ಹಿಂದಿನ ಬ್ಯಾಚಿನೋರಿಗೆ ಎಲ್ಲಿ ಸಿಕ್ತು ಅಂತ ಕೇಳಿ. ಎಂಡೋನೋ ಆರ್ಥೋನೋ ಸ್ಪೆಷಲೈಸೇಷನ್ ಮಾಡ್ಬೇಕು ಅಂತಿರೋರು ಮಾತ್ರ ಇನ್ನೊಂದು ನೋಡಿ, ಗ್ರೇಡ್ ಕೊಡ್ತಾರಾ ಪಾಸ್-ಫೇಲ್ ಮಾತ್ರಾನಾ, ಇಂಟರ್‌ನ್ಯಾಷನಲ್‌ನೋರಿಗೆ ಕ್ಲಾಸ್ ರ‍್ಯಾಂಕ್ ಕೊಡ್ತಾರಾ, ಆ ಡಿಪಾರ್ಟ್‌ಮೆಂಟಲ್ಲಿ ನಿಮ್ಗೆ ಲೆಟರ್ ಬರ್ಯೋಷ್ಟು ಹತ್ರ ಆಗೋ ಫ್ಯಾಕಲ್ಟಿ ಇದಾರಾ. ಹೆಸರು ಅಲ್ಪ ಸ್ವಲ್ಪ ಉಪಯೋಗಕ್ಕೆ ಬರೋದು ಇಲ್ಲಿ ಮಾತ್ರ.

ಮನೆಯವ್ರ ವಿಷಯ ಬಿಟ್ಟೆ ಅಂತ ಅನ್ಕೋಬೇಡಿ. ನಮ್ಮಲ್ಲಿ ಎಷ್ಟೋ ಜನ ಗಂಡನ ಕೆಲಸದ ಮೇಲೆ ಎಚ್-4 ಡಿಪೆಂಡೆಂಟ್ ವೀಸಾದಲ್ಲಿ ಬಂದೋರು. ಗಂಡ ಇರೋ ಊರಲ್ಲೇ ಒಂದು ಸ್ಕೂಲು, ವಿಮಾನ ಹತ್ತಿ ಹೋಗೋ ದೂರದಲ್ಲಿ ಇನ್ನೊಂದು, ಆ ದೂರದ್ದೇ ದೊಡ್ಡ ಹೆಸರಿನದ್ದು, ಇದೇ ಮಾಮೂಲಿ ಕಥೆ. ಚಿಕ್ಕ ಮಗು ಇದ್ರೆ, ಎರಡನೇ ಬಾಡಿಗೆ, ಫ್ಲೈಟ್ ಟಿಕೆಟ್, ಅಮ್ಮನ್ನ ಆರಾರು ತಿಂಗಳಿಗೆ ಕರೆಸೋದು ಎಲ್ಲ ಲೆಕ್ಕ ಹಾಕಿ. ನಾನಾದ್ರೆ ಪೇಷಂಟ್ ಹರಿವು ಎರಡೂ ಕಡೆ ಒಂದೇ ಥರ ಇದ್ರೆ ಕಣ್ಣುಮುಚ್ಚಿ ಮನೆ ಹತ್ತಿರದ್ದು ತಗೋತೀನಿ, ಪೇಷಂಟೇ ಇಲ್ಲದ ಸ್ಕೂಲು ಮನೆ ಪಕ್ಕದಲ್ಲಿದ್ರೂ ಬೇಡ.

ತೀರ್ಮಾನ ಆದ ದಿನವೇ ಇನ್ನೊಂದು ಸ್ಕೂಲಿಗೆ ನಾಲ್ಕು ಸಾಲು ಮೇಲ್ ಹಾಕ್ಬಿಡಿ, ಥ್ಯಾಂಕ್ಸ್ ಹೇಳಿ, ಸೀಟ್ ಬಿಡ್ತಾ ಇದೀನಿ ಅಂತ ನೇರವಾಗಿ ಹೇಳಿ, ಕಾರಣ ಉದ್ದುದ್ದ ಬರೀಬೇಡಿ. ವೇಟ್‌ಲಿಸ್ಟ್‌ನಲ್ಲಿ ಯಾರೋ ಒಬ್ಳು ದಿನಾ ಹತ್ತು ಸಲ ಇನ್‌ಬಾಕ್ಸ್ ರಿಫ್ರೆಶ್ ಮಾಡ್ತಾ ಕೂತಿರ್ತಾಳೆ, ನೀವು ಎರಡು ವಾರ ಎಳೆದ್ರೆ ಅವಳಿಗೆ ಚೆನ್ನೈಯಲ್ಲಿ ವೀಸಾ ಸ್ಲಾಟ್ ಸಿಗೋದು ಎರಡು ವಾರ ತಡ. ನೀವೂ ಊರಿಂದ ಬರೋದಾದ್ರೆ ಡೆಪಾಸಿಟ್ ರಸೀದಿ ಬಂದ ಸಂಜೆನೇ ಐ-20ಗೆ (ವೀಸಾಕ್ಕೆ ಸ್ಕೂಲು ಕೊಡೋ ಫಾರ್ಮು) ಬ್ಯಾಂಕ್ ಸ್ಟೇಟ್‌ಮೆಂಟ್ ರೆಡಿ ಮಾಡಿ, ಮೊದಲ ವರ್ಷದ ಪೂರ್ತಿ ಖರ್ಚಿಗೆ ದುಡ್ಡು ತೋರಿಸ್ಬೇಕು, ಅಪ್ಪನ ಎಫ್‌ಡಿ ಎಲ್ಲಾ ಒಂದೇ ಬ್ಯಾಂಕಲ್ಲಿ ಇರಲ್ಲ, ಲೆಟರ್ ತಗೊಳೋಕೇ ಒಂದು ವಾರ ಹಿಡಿಯತ್ತೆ.