ನಾಯಿಗೆ ಚಿಗಟ ಹತ್ತಿದರೆ ಯಾವ ಔಷಧಿ ಆರಿಸಬೇಕು?

ಮಳೆಗಾಲ ಹಿಡಿಯಿತೆಂದರೆ ಸಾಕುನಾಯಿಗಳ ಕೆರೆತ ಶುರುವಾಗುತ್ತದೆ. ಸೆಕೆ ಮತ್ತು ತೇವ ಎರಡೂ ಕೂಡಿದ ಹವೆ ಚಿಗಟಗಳಿಗೆ ಹೇಳಿ ಮಾಡಿಸಿದ್ದು. ಕಂಗಾಲಾದ ಮನೆಯವರು ಅಂಗಡಿಯಿಂದ ಶಾಂಪೂ, ಪುಡಿ, ಕೊರಳಪಟ್ಟಿ ಮೂರನ್ನೂ ಒಟ್ಟಿಗೆ ತರುತ್ತಾರೆ. ಹದಿನೈದು ದಿನ ಕಳೆಯುವಷ್ಟರಲ್ಲಿ ನಾಯಿ ಮತ್ತೆ ಬಾಲದ ಬುಡ ಕಚ್ಚಿಕೊಳ್ಳುತ್ತಿರುತ್ತದೆ. ಆ ಹಣವನ್ನು ನಾಯಿಯ ತೂಕ, ವಯಸ್ಸಿಗೆ ತಕ್ಕ ಒಂದೇ ಔಷಧಿಗೆ ಹಾಕಿ, ಜೊತೆಗೆ ಮನೆಯ ನೆಲವನ್ನೂ ನೋಡಿಕೊಂಡರೆ ಕೆಲಸ ಆಗುತ್ತದೆ.

ಕಡಿಯುತ್ತಿರುವುದು ಯಾವುದು?

ಉಣ್ಣೆ ಚರ್ಮಕ್ಕೆ ಕಚ್ಚಿಕೊಂಡು ಕುಳಿತಿರುತ್ತದೆ, ಕೈಗೆ ಸಿಗುತ್ತದೆ. ಚಿಗಟ ಹಾಗಲ್ಲ, ಕೂದಲು ಬಿಡಿಸಿದೊಡನೆ ಓಡುತ್ತದೆ, ಹಾರುತ್ತದೆ. ಅದು ಕಣ್ಣಿಗೆ ಬೀಳದಿದ್ದರೂ ಹಿಕ್ಕೆ ಬೀಳುತ್ತದೆ. ಒಂದು ಬಿಳಿ ಕಾಗದವನ್ನು ಒದ್ದೆ ಮಾಡಿ ನೆಲಕ್ಕೆ ಹಾಸಿ, ನಾಯಿಯನ್ನು ಅದರ ಮೇಲೆ ನಿಲ್ಲಿಸಿ. ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಯಿಂದ ಸೊಂಟ ಮತ್ತು ಬಾಲದ ಬುಡವನ್ನು ಬಾಚಿ. ಉದುರಿದ ಕರಿಯ ಕಾಳುಗಳ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆಯೇ, ಅಂದರೆ ಜೀರ್ಣವಾದ ನಾಯಿಯ ರಕ್ತ. ಬಣ್ಣ ಬಿಡದಿದ್ದರೆ ಬರೀ ಮಣ್ಣು. ಚಿಗಟವೂ ಇಲ್ಲ, ಹಿಕ್ಕೆಯೂ ಇಲ್ಲ, ಆದರೂ ಕೆರೆತವಿದೆ ಎಂದಾದರೆ ಕಜ್ಜಿಯೋ ಶಿಲೀಂಧ್ರವೋ ಇರಬಹುದು. ಅದಕ್ಕೆ ಚಿಗಟದ ಔಷಧಿ ತರಬೇಡಿ, ಪಶುವೈದ್ಯರಿಗೆ ತೋರಿಸಿ.

ಮೊದಲು ತೂಕ ಮಾಡಿ

ಈ ಔಷಧಿಗಳೆಲ್ಲ ತೂಕದ ಲೆಕ್ಕದಲ್ಲೇ ಬರುತ್ತವೆ. ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ನಂತರ ನೀವೊಬ್ಬರೇ ನಿಂತು, ಬಂದ ವ್ಯತ್ಯಾಸವನ್ನು ಬರೆದಿಡಿ. ದೊಡ್ಡ ನಾಯಿಯ ಮಾತ್ರೆಯನ್ನು ತುಂಡು ಮಾಡಿ ಎರಡು ಚಿಕ್ಕ ನಾಯಿಗಳಿಗೆ ಹಂಚಬೇಡಿ. ಎಂಟು ವಾರ ತುಂಬದ ಮರಿಗಳಿಗೆ ಹೆಚ್ಚಿನ ಔಷಧಿಗಳು ಸಲ್ಲುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬಾಚಣಿಗೆಯಿಂದ ಚಿಗಟ ತೆಗೆದು ಸೋಪಿನ ನೀರಿಗೆ ಅದ್ದುವುದೇ ಅವಕ್ಕೆ ಚಿಕಿತ್ಸೆ. ಮರಿಯ ವಸಡು ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಎಂದರ್ಥ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಹನಿಯೋ, ಮಾತ್ರೆಯೋ?

ಬೆನ್ನಿಗೆ ಬಿಡುವ ಹನಿಗಳಲ್ಲಿ ಫಿಪ್ರೊನಿಲ್ ಹೆಚ್ಚು ಬಳಕೆಯಲ್ಲಿದೆ. ಅದು ಚರ್ಮದ ಜಿಡ್ಡಿನೊಂದಿಗೆ ಬೆರೆತು ಮೈಯೆಲ್ಲ ಹರಡುತ್ತದೆ. ಹನಿ ಹಾಕುವ ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಸ್ನಾನ ಮಾಡಿಸಬಾರದು ಎನ್ನುವುದು ಇದಕ್ಕಾಗಿಯೇ. ಶಾಂಪೂ ಜಿಡ್ಡನ್ನು ತೊಳೆದುಬಿಟ್ಟರೆ ಔಷಧಿ ನಿಲ್ಲುವುದಾದರೂ ಎಲ್ಲಿ? ನಾಲಗೆಗೆ ಎಟುಕದಂತೆ ಎರಡು ಹೆಗಲ ಮೂಳೆಗಳ ನಡುವೆ ಕೂದಲು ಸೀಳಿ, ಚರ್ಮ ಕಾಣಿಸಿದ ಮೇಲೆ ಕೊಳವೆಯ ತುದಿ ತಾಗಿಸಿ ಹಿಂಡಿ. ಕೂದಲ ಮೇಲೆ ಸುರಿದದ್ದು ವ್ಯರ್ಥ. ಒಣಗುವವರೆಗೆ ಮಕ್ಕಳು ಮುಟ್ಟದಿರಲಿ. ಎಸ್-ಮೆಥೊಪ್ರೀನ್ ಕೂಡ ಸೇರಿರುವ ಹನಿ ಸಿಕ್ಕರೆ ಅದನ್ನೇ ಕೊಳ್ಳಿ, ಅದು ಮೊಟ್ಟೆ, ಮರಿಹುಳಗಳು ಬೆಳೆಯದಂತೆ ತಡೆಯುತ್ತದೆ. ಇಮಿಡಾಕ್ಲೊಪ್ರಿಡ್ ಒಂದೇ ಇರುವ ಹನಿ ಚಿಗಟಕ್ಕೆ ಸಾಕು, ಉಣ್ಣೆಗೆ ಸಾಲದು.

ಮಾತ್ರೆಗಳಲ್ಲಿ ಅಫಾಕ್ಸೊಲಾನರ್, ಸಾರೊಲಾನರ್ ತಿಂಗಳಿಗೊಮ್ಮೆ ಕೊಡುವಂಥವು, ಫ್ಲೂರಾಲಾನರ್ ಸುಮಾರು 12 ವಾರ ಕೆಲಸ ಮಾಡುತ್ತದೆ. ಇವು ಚಿಗಟ, ಉಣ್ಣೆ ಎರಡನ್ನೂ ಕೊಲ್ಲುತ್ತವೆ, ಸ್ನಾನದ ಚಿಂತೆಯೂ ಇಲ್ಲ. ಹೊರಗೆ ತಿರುಗುವ, ಮಳೆಯಲ್ಲಿ ನೆನೆಯುವ ನಾಯಿಗೆ ನನ್ನ ಮತ ಮಾತ್ರೆಗೇ. ಆದರೆ ನಾಯಿಗೆ ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಹೇಳದೆ ಈ ಮಾತ್ರೆ ಕೊಡಲೇಬೇಡಿ. ಈ ಗುಂಪಿನ ಔಷಧಿಗಳಿಂದ ನಡುಕ, ಫಿಟ್ಸ್ ಬರುವ ಸಾಧ್ಯತೆಯಿದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಗಬ್ಬದ ನಾಯಿ, ಹಾಲೂಡಿಸುವ ನಾಯಿಗೂ ವೈದ್ಯರ ಮಾತೇ ಕಡೆಯದು.

ಮನೆಯಲ್ಲಿ ಬೆಕ್ಕಿದೆಯೇ? ಹಾಗಾದರೆ ಪೊಟ್ಟಣದ ಮೇಲೆ ಪರ್ಮೆಥ್ರಿನ್ ಎಂಬ ಹೆಸರನ್ನು ಹುಡುಕಿ, ಇದ್ದರೆ ಹಿಂದಿರುಗಿಸಿ. ನಾಯಿ ತಾಳಿಕೊಳ್ಳುವ ಈ ಔಷಧಿ ಬೆಕ್ಕಿನ ಜೀವಕ್ಕೇ ಕುತ್ತು. ನಾಯಿಯ ಮೈಗೆ ಒರಗಿ ಮಲಗುವ, ಅದನ್ನು ನೆಕ್ಕುವ ಬೆಕ್ಕಿಗೆ ಅಷ್ಟೇ ಸಾಕಾದೀತು.

ದನದ ಔಷಧಿ ಬೇಡ

ಹಳ್ಳಿಗಳಲ್ಲಿ ದನಗಳ ಉಣ್ಣೆಗೆಂದು ತಂದ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಕೊಟ್ಟಿಗೆಯ ಗೂಡಿನಲ್ಲಿ ಇದ್ದೇ ಇರುತ್ತದೆ. ಅದನ್ನೇ ಒಂದಷ್ಟು ನೀರಿಗೆ ಬೆರೆಸಿ ನಾಯಿಗೂ ಹೊಯ್ಯುವ ರೂಢಿಯಿದೆ. ದಯವಿಟ್ಟು ಬಿಡಿ. ಅಂದಾಜಿನ ಬೆರಕೆ ಸ್ವಲ್ಪ ಗಟ್ಟಿಯಾದರೂ ಜೊಲ್ಲು ಸುರಿದು, ಮೈ ನಡುಗಿ ನಾಯಿ ನರಳುತ್ತದೆ. ಸೀಮೆಎಣ್ಣೆ, ಫಿನಾಯಿಲ್ ಚರ್ಮ ಸುಡುತ್ತವೆ, ನೆಕ್ಕಿದರೆ ಒಳಗೂ ವಿಷ. ಅನ್ನಕ್ಕೆ ಬೆಳ್ಳುಳ್ಳಿ ಬೆರೆಸುವುದೂ ತಪ್ಪು, ಅದು ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ. ಬೇವಿನೆಲೆ ಕುದಿಸಿ ಆರಿಸಿದ ನೀರಿನಲ್ಲಿ ಮೈ ತೊಳೆಯುವುದರಿಂದ ತೊಂದರೆಯಿಲ್ಲ, ಆದರೆ ಚಿಗಟ ಅದಕ್ಕೆ ಬಗ್ಗುವುದಿಲ್ಲ.

ನೆಲದ ಮೇಲಿನ ಪಡೆ

ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ನುಣುಪಾದ ಆ ಮೊಟ್ಟೆಗಳು ನಾಯಿ ಓಡಾಡಿದಲ್ಲೆಲ್ಲ ಉದುರುತ್ತವೆ. ಹೊರಬಂದ ಮರಿಹುಳಗಳು ಬೆಳಕಿಗೆ ಹೆದರಿ ಗಾರೆಯ ಬಿರುಕು, ಮಂಚದ ಅಡಿ, ಗೋಣಿಚೀಲದ ಮಡಿಕೆ ಸೇರುತ್ತವೆ. ಆಮೇಲೆ ಗೂಡು ಕಟ್ಟಿ ಅದರೊಳಗೆ ತಿಂಗಳುಗಟ್ಟಲೆ ಸುಮ್ಮನಿರಬಲ್ಲವು. ಹೆಜ್ಜೆಯ ಅದುರು, ಮೈಶಾಖ, ಉಸಿರಿನ ಗಾಳಿ ತಗುಲಿದಾಗ ಸಿಡಿದೇಳುತ್ತವೆ. ದಸರಾ ರಜೆ ಮುಗಿಸಿ ಬಂದು ಬೀಗ ತೆಗೆದೊಡನೆ ಕಾಲಿಗೆ ಮುತ್ತುವುದು ಇವೇ.

ಆದ್ದರಿಂದ ಔಷಧಿ ಕೊಟ್ಟ ದಿನವೇ ನಾಯಿಯ ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆದು ಸುಡುಬಿಸಿಲಿಗೆ ಹಾಕಿ. ಹಳೆಯ ಗೋಣಿಯಾದರೆ ಸುಟ್ಟುಬಿಡಿ. ಮೂಲೆ, ಸಂದುಗಳನ್ನು ದಿನವೂ ಗುಡಿಸಿ, ಇದ್ದರೆ ವ್ಯಾಕ್ಯೂಮ್ ಹಾಕಿ, ಕಸವನ್ನು ಆಗಲೇ ಹೊರಗೆ ಸಾಗಿಸಿ. ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ ಅವುಗಳಿಗೆ ಹೊಂದುವ ಔಷಧಿಯನ್ನು ಒಟ್ಟಿಗೇ ಕೊಡಿಸಿ.

ಎರಡು ವಾರದ ನಂತರ ಹೊಸ ಚಿಗಟ ಕಂಡರೆ ಔಷಧಿ ಸೋತಿತೆಂದು ಬದಲಿಸಬೇಡಿ, ಗೂಡಿನಿಂದ ಈಗಷ್ಟೇ ಎದ್ದವು ಅವು. ಮೂರು ತಿಂಗಳು ಬಿಡದೆ ಮುಂದುವರಿಸಿ. ಈ ನಡುವೆ ನಾಯಿಯ ಗುದದ ಬಳಿ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಅದು ಲಾಡಿಹುಳು, ಚಿಗಟವನ್ನು ನುಂಗಿದ್ದರಿಂದ ಬಂದದ್ದು. ಅದಕ್ಕೆ ಪ್ರಾಜಿಕ್ವಾಂಟೆಲ್ ಇರುವ ಜಂತುಹುಳದ ಮಾತ್ರೆಯನ್ನು ವೈದ್ಯರಿಂದ ಬೇರೆಯಾಗಿಯೇ ಬರೆಸಿಕೊಳ್ಳಿ.