‘ಗೆಟ್’ ಅರ್ಥ ಬೇಕಾ? ಪಕ್ಕದ ಪದ ನೋಡಿ

ಇಂಗ್ಲಿಷ್ ಡಿಕ್ಷನರಿಯಲ್ಲಿ ‘ಗೆಟ್’ ಹುಡುಕಿದರೆ ಅರ್ಥಗಳ ಸಾಲು ಮುಗಿಯುವುದೇ ಇಲ್ಲ. ಬಾಯಿಪಾಠಕ್ಕೆ ಇಳಿಯಬೇಡಿ. ನಮ್ಮ ‘ಹೊಡೆ’ಯನ್ನೇ ನೋಡಿ. ಸುಣ್ಣ ಹೊಡೆಯುತ್ತೇವೆ, ಗೊರಕೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ. ಯಾರಿಗೂ ಪೆಟ್ಟು ಬೀಳುವುದಿಲ್ಲ, ಅಲ್ವಾ? ಜೊತೆಗಿರುವ ಪದವೇ ಅರ್ಥ ಹೇಳಿಬಿಡುತ್ತದೆ. ಗೆಟ್ ಕೂಡ ಹಾಗೇ.

ಮೊದಲು, ಗೆಟ್ ಆದಮೇಲೆ ವಸ್ತುವಿನ ಹೆಸರಿದೆಯಾ ನೋಡಿ. ಇದ್ದರೆ ಸಾಮಾನ್ಯವಾಗಿ ‘ಸಿಗು’ ಅಥವಾ ‘ತಾ’. ‘ಐ ಗಾಟ್ ಎ ಜಾಬ್’ ಅಂದರೆ ನನಗೆ ಕೆಲಸ ಸಿಕ್ಕಿತು (‘ಗಾಟ್’ ಅಂದರೆ ಗೆಟ್‌ನ ಭೂತಕಾಲ). ಕನ್ನಡದ ‘ನನಗೆ’ ಇಲ್ಲಿ ‘ಐ’ ಆಗುತ್ತದೆ, ‘ಟು ಮಿ’ ಅಲ್ಲ. ‘ಗೆಟ್ ಮಿ ಸಮ್ ವಾಟರ್’ ಅಂದರೆ ಸ್ವಲ್ಪ ನೀರು ತಂದುಕೊಡು.

ಸ್ಥಿತಿ ಹೇಳುವ ಪದ ಬಂದರೆ ‘ಆಗು’. ಗೆಟ್ ವೆಟ್, ಒದ್ದೆಯಾಗು. ಗೆಟ್ ರೆಡಿ, ರೆಡಿಯಾಗು. ‘ಟು’ ಮತ್ತು ಊರಿನ ಹೆಸರು ಬಂದರೆ ‘ತಲುಪು’. ಮನೆಗೆ ಮಾತ್ರ ‘ಟು’ ಬೇಡ, ‘ಗೆಟ್ ಹೋಮ್’ ಸಾಕು.

ನಾವು ಜಾಸ್ತಿ ಎಡವುವುದು ಮುಂದಿನದರಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಟಿಂಗ್ ಶಾಪಿನಿಂದ ಸೀದಾ ಆಫೀಸಿಗೆ ಹೋಗಿ ‘ಐ ಕಟ್ ಮೈ ಹೇರ್’ ಅಂದಿದ್ದೆ. ಸಾಹೇಬರು ನನ್ನ ತಲೆಯ ಹಿಂಭಾಗವನ್ನೆಲ್ಲ ಪರೀಕ್ಷಿಸಿ, ‘ನೀನೇ ಕತ್ತರಿಸ್ಕೊಂಡ್ಯಾ?’ ಅಂತ ಕೇಳಿದರು.

ಕನ್ನಡದಲ್ಲಿ ‘ಇಸು’ ಸೇರಿಸಿದರೆ ಸಾಕು, ಕೆಲಸ ಇನ್ನೊಬ್ಬರ ಕೈಗೆ ಹೋಗುತ್ತದೆ. ಹೊಲಿ, ಹೊಲಿಸು. ಇಂಗ್ಲಿಷಿಗೆ ಆ ಸೌಕರ್ಯ ಇಲ್ಲ. ಅಲ್ಲಿ ಗೆಟ್, ಆಮೇಲೆ ವಸ್ತು, ಕೊನೆಗೆ ಶಾಲೆಯಲ್ಲಿ ಹೇಳಿಕೊಟ್ಟ ‘ವಿ-3’ ರೂಪ, ಅಂದರೆ ‘ಗೋ, ವೆಂಟ್, ಗಾನ್’ನಲ್ಲಿ ಮೂರನೆಯದು. ‘ಐ ಗಾಟ್ ಮೈ ಹೇರ್ ಕಟ್’ ಅಂದರೆ ಕಟಿಂಗ್ ಮಾಡಿಸಿದೆ. ‘ಐ ಗಾಟ್ ಎ ಬ್ಲೌಸ್ ಸ್ಟಿಚ್ಡ್’ ಅಂದರೆ ರವಿಕೆ ಹೊಲಿಸಿದೆ. ಯಾರ ಕೈಲಿ ಅಂತ ಹೇಳಬೇಕಾದರೆ ವ್ಯಕ್ತಿಯ ನಂತರ ‘ಟು’ ಸೇರಿಸಿ. ‘ಐ ಗಾಟ್ ಹಿಮ್ ಟು ಸೈನ್’, ಅವನ ಕೈಲಿ ಸೈನ್ ಹಾಕಿಸಿದೆ. ‘ಮೇಡ್ ಹಿಮ್ ಸೈನ್’ ಅಂದರೆ ಬಲವಂತದ ವಾಸನೆ. ‘ಗಾಟ್’ನಲ್ಲಿ ಸ್ವಲ್ಪ ಪುಸಲಾಯಿಸಿದ ಹಾಗೆ.

ಕೊನೆಗೆ ಬಾಲ ಇರುವ ಗೆಟ್‌ಗಳು. ಗೆಟ್ ಅಪ್ ಅಂದರೆ ಏಳು. ಬಸ್ಸು, ರೈಲು, ವಿಮಾನ ಹತ್ತಲು ಗೆಟ್ ಆನ್, ಇಳಿಯಲು ಗೆಟ್ ಆಫ್. ನಮ್ಮ ಬಸ್ಸುಗಳಲ್ಲಿ ಕೇಳುವ ‘ಗೆಟ್ ಡೌನ್’ ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಲಂಡನ್ನಿನಲ್ಲಿ ‘ಆಫ್’ ಅನ್ನಿ. ಕಾರಿಗೆ ಗೆಟ್ ಇನ್. ಇಳಿಯುವುದಕ್ಕೆ ‘ಗೆಟ್ ಔಟ್ ಆಫ್ ದ ಕಾರ್’. ಡ್ರಾಪ್ ಕೊಟ್ಟು ಇಳಿಸುವಾಗ ಗೆಳೆಯನಿಗೆ ಸುಮ್ನೆ ‘ಗೆಟ್ ಔಟ್’ ಅಂದುಬಿಟ್ಟೀರಿ ಮತ್ತೆ.