ಆರು ಜನ, ನಾಲ್ಕು ಕಿಲೋಮೀಟರ್, ಒಂದು ಪೋಡು: ನನ್ನ ಅನುಭವ

ಬಿಳಿಗಿರಿರಂಗನ ಬೆಟ್ಟದ ಕಾಡಿನ ಮೂಲನಿವಾಸಿ ಸೋಲಿಗರ ಪೋಡಿಗೆ, ಅಂದರೆ ಅವರ ಪುಟ್ಟ ಊರಿಗೆ, ನಡಿಗೆ ಮಾಡಿಸ್ತೀನಿ ಅಂದಾಗ ಟ್ರೆಕ್ಕಿಂಗ್ ನಡೆಸುವ ಗೆಳೆಯರು ಯಾರೂ ಒಪ್ಪಲಿಲ್ಲ. "ಸಫಾರಿ ಇಲ್ಲ, ಹತ್ತೋಕೆ ಶಿಖರ ಇಲ್ಲ. ನಾಲ್ಕು ಕಿಲೋಮೀಟರಿಗೆ ಯಾರು ದುಡ್ಡು ಕೊಡ್ತಾರೆ?" ಅಂದರು. ಹೋದ ಚಳಿಗಾಲದಲ್ಲಿ ಹನ್ನೊಂದು ತಂಡ ಹೋಗಿಬಂತು. ಅದರಲ್ಲಿ ಒಂಬತ್ತು ಪೂರ್ತಿ ಭರ್ತಿ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲ ಸಲ ಮಾಡಿದ್ದೆಲ್ಲ ತಪ್ಪು. ಬೆಂಗಳೂರಿನಿಂದ ಮಿನಿ ಬಸ್ಸಿನಲ್ಲಿ 18 ಜನ, ತಲೆಗೆ 1,500. ಪೋಡು ಸೇರುವಾಗ ಹನ್ನೊಂದು ಗಂಟೆ. ಅಷ್ಟೊತ್ತಿಗೆ ಮನೆಯವರೆಲ್ಲ ತೋಟಕ್ಕೆ, ಕೂಲಿಗೆ ಹೋಗಿದ್ದರು. ನಡುವಿನವರೊಬ್ಬರ ಕೈಗೆ 6,000 ಕೊಟ್ಟು ಸೋಲಿಗರ ಹಾಡು-ಕುಣಿತವಾದ ಗೊರುಕಾನಕ್ಕೆ ಹೇಳಿಸಿದ್ದೆ. ಕುಣಿದವರಿಗೆ ಸೇರಿದ್ದು ತಲೆಗೆ 150 ಅಂತ ಆಮೇಲೆ ಗೊತ್ತಾಯಿತು. ನಮ್ಮವರು ಮಕ್ಕಳಿಗೆ ಚಾಕೊಲೇಟ್ ಹಂಚಿದರು, ಕೇಳದೆ ಮನೆಯೊಳಗೆ ಇಣುಕಿದರು. ಇಬ್ಬರು ಬೂಟು ಹಾಕಿಕೊಂಡೇ ಅವರು ಪೂಜಿಸುವ ವೀರು ಕಲ್ಲಿನ ಹತ್ತಿರ ನಿಂತು ಫೋಟೋ ತೆಗೆಸಿಕೊಂಡರು. ಪೋಡಿನ ಹಿರಿಯರಾದ ಯಜಮಾನರು ಜಗಳ ಮಾಡಲಿಲ್ಲ, ಎದ್ದು ಹೋದರು. ಬಸ್ ಬಾಡಿಗೆ, ಊಟ, ವಾಪಸ್ ಕೊಟ್ಟ ದುಡ್ಡು ಎಲ್ಲ ಸೇರಿ ನನ್ನ ಕೈಯಿಂದ ಸುಮಾರು 9,000 ಹೋಯಿತು. ಅದಕ್ಕಿಂತ ಆ ಎದ್ದು ಹೋದದ್ದೇ ಜಾಸ್ತಿ ಕಾಡಿತು.

ಆಮೇಲೆ ಆರು ತಿಂಗಳು ಯಾರನ್ನೂ ಕರೆದುಕೊಂಡು ಹೋಗಲಿಲ್ಲ. ಒಬ್ಬನೇ ಏಳೆಂಟು ಸಲ ಹೋಗಿ ಯಜಮಾನರ ಮನೆ ಜಗಲಿ ಮೇಲೆ ಕೂತು ಬಂದೆ. ಕೇಳಿದ್ದು ಒಂದೇ ಮಾತು: ಬಂದವರಿಗೆ ಏನು ತೋರಿಸಬೇಕು, ಏನು ತೋರಿಸಬಾರದು? ಉತ್ತರ ಬಂದದ್ದು ಐದನೇ ಸಲ ಹೋದಾಗ. ಪ್ರತಿ ಕುಲಕ್ಕೂ ಅದರದೇ ಯೆಲ್ಲೆ, ಅಂದರೆ ಕಾಡಿನಲ್ಲಿ ಅದರದೇ ಗಡಿ, ಇದೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ (ಸಮಾಧಿ ಕಲ್ಲು), ಅಬ್ಬಿ (ನೀರಿನ ಸೆಲೆ) ಅಂತ ಪವಿತ್ರ ಜಾಗಗಳು. ಕೆಲವಕ್ಕೆ ಹೊರಗಿನವರು ಬರಬಹುದು, ಕೆಲವಕ್ಕೆ ಕೂಡದು. ದಾರಿಯನ್ನು ಅವರೇ ಹಾಕಿಕೊಟ್ಟರು. ಯಾವ ಪೋಡು, ಯಾವ ದಾರಿ ಅನ್ನೋದನ್ನ ಇಲ್ಲಿ ಬರೆಯಲ್ಲ. ಬರೋರಲ್ಲಿ ಆರು ಜನರನ್ನು ಹೇಗೆ ಆರಿಸ್ತೀನಿ ಅನ್ನೋದೂ ನನ್ನ ಹತ್ತಿರವೇ ಇರಲಿ. ಅರಣ್ಯ ಇಲಾಖೆಯ ಅನುಮತಿಯ ವಿಚಾರ ನಿಮಗೆಲ್ಲ ಗೊತ್ತಿರೋದೇ. ಹುಲಿ ರಕ್ಷಿತಾರಣ್ಯ ಅದು, ಕಾಗದ ಇಲ್ಲದೆ ಕಾಲಿಡಬೇಡಿ.

ಈಗಿನ ಕ್ರಮ ಹೀಗಿದೆ. ಬೆಳಿಗ್ಗೆ ಆರಕ್ಕೆ ಯಳಂದೂರಿನಿಂದ ಜೀಪು. ಆರೇ ಜನ. ನಾನು ಹಿಂದೆ, ಪೋಡಿನ ತಾತ ಮುಂದೆ, ಕೊನೆಯಲ್ಲಿ ಪೋಡಿನ ಒಬ್ಬ ಹುಡುಗ. ನಾಲ್ಕು ಕಿಲೋಮೀಟರಿಗೆ ಐದು ಗಂಟೆ ಹಿಡಿಯುತ್ತೆ. ತಾತ ಬೇಡ ಅಂದರೆ ನಡಿಗೆ ಇಲ್ಲ, ಅದಕ್ಕೆ ವಾದ ಇಲ್ಲ. ಒಂದು ದಿನ ಅರ್ಧ ಕಿಲೋಮೀಟರ್ ಹೋಗಿದ್ದೆವಷ್ಟೆ. ತಾತ ಬಗ್ಗಿ ಆನೆ ಲದ್ದಿಗೆ ಕೈ ಇಟ್ಟು ನೋಡಿ, "ಬಿಸಿ ಅದೆ ಕಣಣ್ಣ, ಇವತ್ತು ಬ್ಯಾಡ ಬುಡಿ" ಅಂದರು. ವಾಪಸ್ ಬಂದೆವು. ಅವತ್ತು ಪೋಡಿನಲ್ಲೇ ಕೂತು ಜೇನು ರುಚಿ ನೋಡಿಸಿದೆ: ಹೆಜ್ಜೇನು, ತುಡುವೆ, ಕೋಲುಜೇನು ಮೂರೂ ಪಕ್ಕಪಕ್ಕ. ಅದು ಎಷ್ಟು ಹಿಡಿಸಿತು ಅಂದ್ರೆ ಈಗ ಪ್ರತಿ ನಡಿಗೆಯಲ್ಲೂ ಇಟ್ಟಿದ್ದೇನೆ. ಬರಿಗಾಲಲ್ಲಿ ನಡೆಸೋ ಪ್ರಯೋಗವನ್ನೂ ಮಾಡಿದೆ, ಇಪ್ಪತ್ತು ನಿಮಿಷಕ್ಕೇ ಮುಳ್ಳು ಹೊಕ್ಕು ಕೈಬಿಟ್ಟೆ.

ಜನ ಮರೆಯದೆ ಹೇಳೋದು ಗೆಣಸಿನ ವಿಷಯ. ತಾತ ಒಂದು ಬಳ್ಳಿ ಹಿಡಿದು ಬೆರಳಲ್ಲೇ ಬುಡದವರೆಗೆ ಸವರಿಕೊಂಡು ಹೋಗ್ತಾರೆ. ಗುದ್ದಲಿಕೋಲಿನಿಂದ ಮೊಣಕಾಲುದ್ದ ಅಗೆದು ನೂರೆ ಅನ್ನೋ ಕಾಡುಗೆಣಸು ಎತ್ತುತ್ತಾರೆ. ಕೆಳಗಿನ ಭಾಗ ಮಾತ್ರ ಕುಯ್ದುಕೊಂಡು, ಬಳ್ಳಿ ಅಂಟಿಕೊಂಡಿರೋ ತಲೆಯನ್ನು ಅದೇ ಗುಂಡಿಗೆ ಇಟ್ಟು ಮಣ್ಣು ಮುಚ್ಚಿ, ಅಂಗೈಯಲ್ಲಿ ಎರಡು ಸಲ ತಟ್ಟುತ್ತಾರೆ. ಏನೂ ವಿವರಿಸಲ್ಲ. ನಾನೂ ಬಾಯಿ ಹಾಕಲ್ಲ. ಮೊದಮೊದಲು ಎಲ್ಲದಕ್ಕೂ ನಾನೇ ವಿವರಣೆ ಕೊಡುತ್ತಿದ್ದೆ. ಅದನ್ನು ನಿಲ್ಲಿಸಿದ ಮೇಲೇ ಜನ ತಾತನನ್ನು ನೇರವಾಗಿ ಕೇಳೋಕೆ ಶುರು ಮಾಡಿದ್ದು.

ಕೇಳಿದರೆ ತಾತ ಚೆನ್ನಾಗಿ ಹೇಳ್ತಾರೆ. ನಮ್ಮ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ್ದರಿಂದ ಬೆಟ್ಟದ ದೇವರು ರಂಗಪ್ಪ ನಮಗೆ ಭಾವ ಅಂತಾರೆ. ಹಿಂದೆ ಬೇಸಿಗೆಗೆ ಮುಂಚೆ ನೆಲದ ಒಣ ಎಲೆಗೆ ತರಗು ಬೆಂಕಿ ಹಾಕ್ತಿದ್ವಿ, 1974ರಲ್ಲಿ ಅಭಯಾರಣ್ಯ ಆದ ಮೇಲೆ ಅದು ನಿಂತೋಯ್ತು, ಆಮೇಲೇ ಈ ಲಂಟಾನ ಕಳೆ ಕಾಡೆಲ್ಲ ತುಂಬಿಕೊಂಡಿತು ಅಂತ ಕೋಲಲ್ಲಿ ತೋರಿಸ್ತಾರೆ. 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಬಂದದ್ದನ್ನು ಹೇಳುವಾಗ ಅವರ ದನಿಯೇ ಬದಲಾಗುತ್ತೆ. ಅದಕ್ಕೂ ಮುಂಚೆ ಕಾಡಿನಿಂದ ಜೇನು, ನೆಲ್ಲಿಕಾಯಿ, ಮರದ ಪಾಚಿ ತರೋಕೆ ಕೆಲವು ವರ್ಷ ನಿಷೇಧ ಇತ್ತು. ಆ ದಿನಗಳನ್ನು ಕಂಡವರು ಅವರು.

ಲೆಕ್ಕ ಕೇಳೋರಿಗೆ: ತಲೆಗೆ 2,200, ಆರು ಜನಕ್ಕೆ 13,200. ಜೀಪಿಗೆ 3,000. ತಾತ ಮತ್ತು ಹುಡುಗನಿಗೆ 1,200ರಂತೆ 2,400. ಅಡುಗೆ ಮಾಡೋ ಅಕ್ಕಂದಿರಿಗೆ ಸುಮಾರು 2,200. ಪೋಡಿನ ಸಾಮಾನ್ಯ ಹಣಕ್ಕೆ 2,000, ಅದು ಎಲ್ಲರ ಎದುರಿಗೇ ಯಜಮಾನರ ಕೈಗೆ. ಅನುಮತಿ, ಚಿಲ್ಲರೆ ಖರ್ಚು 1,000 ಆಸುಪಾಸು. ನನಗೆ ಉಳಿಯೋದು ಎರಡೂವರೆ ಸಾವಿರದ ಮೇಲೆ. ದೊಡ್ಡ ದುಡ್ಡಲ್ಲ, ಆದರೆ ಹೋದ ವರ್ಷ ನಷ್ಟ ಇಲ್ಲ. ಈ ದರಕ್ಕೆ ಈ ಥರ ನಡಿಗೆ ಮಾಡಿಸೋರು ನನಗೆ ಗೊತ್ತಿದ್ದಂತೆ ಬೇರೆ ಯಾರೂ ಇಲ್ಲ. ಅಡುಗೆಯ ಸರದಿಯನ್ನು ಅಕ್ಕಂದಿರೇ ಹಾಕಿಕೊಳ್ಳಲಿ ಅಂತ ಬಿಟ್ಟ ಮೇಲೆ ಮನೆಮನೆಯ ಮುನಿಸೂ ನಿಂತಿತು.

ಕುಣಿತಕ್ಕೆ ಈಗ ದುಡ್ಡು ಕೊಡಲ್ಲ, ಕೇಳೋದೂ ಇಲ್ಲ. ಜನವರಿಯಲ್ಲಿ ಒಂದು ಮಧ್ಯಾಹ್ನ ಮುದ್ದೆ ಬೇಯೋದನ್ನ ಕಾಯುತ್ತಾ ಕೂತಿದ್ದೆವು. ಒಲೆ ಮುಂದಿದ್ದ ಅಜ್ಜಿ ತಾನಾಗಿ ಗೊರುಕಾನ ಗುನುಗಿದರು. ಹಿತ್ತಿಲಿಂದ ಇನ್ನೊಬ್ಬರು ದನಿಗೂಡಿಸಿದರು. ಆರು ಜನರಲ್ಲಿ ಯಾರೂ ಮೊಬೈಲ್ ತೆಗೆಯಲಿಲ್ಲ. ಮೊದಲ ಸಲ ಎದ್ದು ಹೋಗಿದ್ದ ಯಜಮಾನರು ಬಾಗಿಲಲ್ಲಿ ನಿಂತು, "ಮುಂದಿನ ತಂಡ ಯಾವಾಗ ಅಣ್ಣ?" ಅಂತ ಕೇಳಿದರು.